ಕ್ಲಿಪ್ ಹಾಕಿದ ಹಲ್ಲಿನ ಮೋಟು ಬೇರು

ಬಿದ್ದ ಹಾಲುಹಲ್ಲನ್ನು ಅಂಗೈ ಮೇಲಿಟ್ಟು ನೋಡಿದರೆ ಅದಕ್ಕೆ ಬೇರೇ ಇರುವುದಿಲ್ಲ. ಒಂದು ಬಿಳಿ ಚೂರು, ಕೆಳಗೆ ಸಣ್ಣ ಗುಳಿ, ಅಂಚಿನಲ್ಲಿ ಒಂದಿಷ್ಟು ರಕ್ತ, ಅಷ್ಟೆ. ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ಗಡಿಬಿಡಿಯಲ್ಲಿ ಬೇರು ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಆ ಹಲ್ಲಿಗೂ ಬೇರು ಇತ್ತು. ಕೆಳಗಿನಿಂದ ಹೊಸ ಹಲ್ಲು ಬರುವಾಗ ದೇಹವೇ ಅದನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ತೆಗೆದುಬಿಟ್ಟಿರುತ್ತದೆ. ಆ ಕೆಲಸ ಮಾಡುವ ದೊಡ್ಡ ಜೀವಕೋಶಗಳಿಗೆ ಒಡಾಂಟೋಕ್ಲಾಸ್ಟ್ ಅನ್ನುತ್ತಾರೆ. ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗಳ ಜಾತಿಗೇ ಸೇರಿದವು ಇವು.

ಹಾಲುಹಲ್ಲಿನ ವಿಷಯದಲ್ಲಿ ಇದು ಆಗಲೇಬೇಕಾದ ಕೆಲಸ. ಆದರೆ ಇದೇ ಕೋಶಗಳು ಶಾಶ್ವತ ಹಲ್ಲಿನ ಬೇರಿಗೆ ಕೈ ಹಾಕಿದರೆ, ಹೋದದ್ದು ಹೋಯಿತು. ಅದರ ಕೆಳಗೆ ಇನ್ನೊಂದು ಹಲ್ಲು ಕಾಯುತ್ತಾ ಕೂತಿಲ್ಲವಲ್ಲ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಲ್ಲಿ ಸುಮಾರು ಎಲ್ಲರಿಗೂ ಇದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಆಗುತ್ತದೆ. ಸ್ವಲ್ಪ ಜನರಿಗೆ ಎಕ್ಸ್‌ರೇಯಲ್ಲಿ ಕಾಣುವಷ್ಟು ಆಗುತ್ತದೆ. ಕೆಲವೇ ಕೆಲವರಿಗೆ ಚಿಂತೆ ಮಾಡುವಷ್ಟು ಆಗುತ್ತದೆ. ನಾನು ಈ ಎರಡನೇ ಮತ್ತು ಮೂರನೇ ಗುಂಪಿನ ಮಧ್ಯೆ ಎಲ್ಲೋ ಇದ್ದೇನೆ.

ನನ್ನ ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಚಾಚಿಕೊಂಡಿದ್ದವು. ಓದು ಮುಗಿದು, ಕೆಲಸ ಸಿಕ್ಕಿ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಕ್ಲಿಪ್ ಹಾಕಿಸಿಕೊಂಡೆ. ಜಾಗ ಮಾಡಲು ಕೋರೆಹಲ್ಲಿನ ಹಿಂದಿನ ಒಂದೊಂದು ಹಲ್ಲನ್ನು ಎರಡೂ ಕಡೆ ಕಿತ್ತರು. ಶುರುವಾಗಿದ್ದು ದಾವಣಗೆರೆಯಲ್ಲಿ. ನಡುವೆ ಕೆಲಸ ಬೆಂಗಳೂರಿಗೆ ಬದಲಾಯಿತು. ಅಲ್ಲಿ ನನ್ನನ್ನು ನೋಡಲು ಒಪ್ಪಿಕೊಂಡ ಹೊಸ ಡಾಕ್ಟರ್, ತಂತಿಗೆ ಕೈ ಹಾಕುವ ಮೊದಲೇ ಕೇಳಿದ್ದು, "ಶುರುವಿನ ಎಕ್ಸ್‌ರೇ ಇದೆಯಾ?" ಅಂತ. ಅಲ್ಲಿವರೆಗೆ ಶುರುವಿನದ್ದು ಒಂದು ಬಿಟ್ಟರೆ ಮತ್ತೆ ಯಾರೂ ಎಕ್ಸ್‌ರೇ ತೆಗೆದಿರಲಿಲ್ಲ.

ಅವರು ಮುಂದಿನ ನಾಲ್ಕು ಹಲ್ಲಿಗೆ ಸಣ್ಣ ಎಕ್ಸ್‌ರೇ ತೆಗೆದರು. ಹಳೆಯದ್ದು, ಹೊಸದ್ದು ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು. ಹಳೆಯದರಲ್ಲಿ ನಡುವಿನ ದೊಡ್ಡ ಬಾಚಿಹಲ್ಲಿನ ಪಕ್ಕದ ಹಲ್ಲಿನ ಬೇರು ಮೇಲಕ್ಕೆ ಹೋಗುತ್ತಾ ಹೋಗುತ್ತಾ ಸಣ್ಣಗಾಗಿ, ಕೊನೆಯಲ್ಲಿ ಸ್ವಲ್ಪ ಹಿಂದಕ್ಕೆ ಬಾಗಿತ್ತು. ಹೊಸದರಲ್ಲಿ ಆ ಬಾಗಿದ ತುದಿಯೇ ಇರಲಿಲ್ಲ. ಬೇರು ಅಲ್ಲಿಗೆ ತಲುಪುವ ಮೊದಲೇ ಮೊಂಡಾಗಿ ಮುಗಿದಿತ್ತು. ಅದರ ಮೇಲೆ, ಮೊದಲು ತುದಿ ಇದ್ದ ಕಡೆ, ಮೂಳೆ ಆರಾಮವಾಗಿ ತುಂಬಿಕೊಂಡಿತ್ತು. ಡಾಕ್ಟರ್ ಮೌಸ್ ಹಿಡಿದು ಹಲ್ಲಿನ ಕುತ್ತಿಗೆಯಿಂದ ಬೇರಿನ ತುದಿಯವರೆಗೆ ಒಂದು ಹಳದಿ ಗೆರೆ ಎಳೆದರು. 13 ಮಿ.ಮೀ. ಹತ್ತಿರ ಇದ್ದದ್ದು 10ಕ್ಕೆ ಇಳಿದಿತ್ತು. ಪಕ್ಕದ ದೊಡ್ಡ ಬಾಚಿಹಲ್ಲಲ್ಲಿ ಅಷ್ಟಿಲ್ಲ, ಒಂದು ಮಿಲಿಮೀಟರ್ ಚಿಲ್ಲರೆ.

"ನೋವೇನಾದ್ರೂ ಇತ್ತಾ?" ಅಂದರು.

"ಇಲ್ಲ ಮೇಡಂ. ವೈರ್ ಟೈಟ್ ಮಾಡಿದಾಗ ಎರಡು ದಿನ ಇರ್ತಿತ್ತು, ಆಮೇಲೆ ಏನೂ ಇಲ್ಲ."

"ಇರಲ್ಲ. ಇದು ನೋವು ಕೊಡಲ್ಲ."

ಈ ಬರಹ ಬರೆಯಲು ಕೂತದ್ದೇ ಆ ಮಾತಿಗಾಗಿ. ಹುಳುಕು ಹಲ್ಲು ಚಳುಕು ಹೊಡೆಯುತ್ತದೆ. ವಸಡು ಕೆಟ್ಟರೆ ಬ್ರಷ್ ಮೇಲೆ ರಕ್ತ ಕಾಣುತ್ತದೆ. ಬೇರು ಮೋಟಾಗುವುದು ಮಾತ್ರ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಹಲ್ಲಿನ ಬಣ್ಣ ಬದಲಾಗುವುದಿಲ್ಲ, ಒಳಗಿನ ನರ ಜೀವಂತವಾಗಿಯೇ ಇರುತ್ತದೆ, ಕನ್ನಡಿಯಲ್ಲಿ ನೋಡಿದರೆ ದಿನದಿನಕ್ಕೂ ಹಲ್ಲು ಚೆಂದವಾಗುತ್ತಲೇ ಇರುತ್ತದೆ. ಎಕ್ಸ್‌ರೇ ತೆಗೆದು ನೋಡದಿದ್ದರೆ ಗೊತ್ತಾಗಲು ಬೇರೆ ದಾರಿಯೇ ಇಲ್ಲ.

ಒಳಗೆ ಏನಾಗುತ್ತದೆ ಅಂತ ಆಮೇಲೆ ಓದುತ್ತಾ ಹೋದೆ. ಹಲ್ಲು ಮೂಳೆಯೊಳಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಿಲ್ಲ. ಹಗ್ಗದ ಹೊರಸಿನ ಮೇಲೆ ಮಲಗಿದವರನ್ನು ಹಗ್ಗಗಳು ಎಲ್ಲ ಕಡೆಯಿಂದ ಹಿಡಿದುಕೊಳ್ಳುವ ಹಾಗೆ, ಬೇರನ್ನು ಸುತ್ತಲಿನ ಮೂಳೆಗೆ ಸಾವಿರಾರು ಸಣ್ಣ ನಾರುಗಳು ಹಿಡಿದುಕೊಂಡಿರುತ್ತವೆ. ಈ ನಾರಿನ ಪದರದ ದಪ್ಪ ಸುಮಾರು 0.2 ಮಿ.ಮೀ. ಅಷ್ಟು ತೆಳು ಜಾಗದಲ್ಲೇ ರಕ್ತನಾಳಗಳಿವೆ, ನರಗಳಿವೆ, ಮೂಳೆ ಕಟ್ಟುವ ಮತ್ತು ಮೂಳೆ ಕರಗಿಸುವ ಕೋಶಗಳಿವೆ. ತಂತಿ ಹಲ್ಲನ್ನು ಒಂದು ಕಡೆಗೆ ಒತ್ತಿದಾಗ ಆ ಕಡೆಯ ನಾರು ಅದುಮಿಕೊಳ್ಳುತ್ತದೆ, ಅಲ್ಲಿನ ಮೂಳೆ ಕರಗುತ್ತದೆ. ಆಚೆ ಕಡೆಯ ನಾರು ಬಿಗಿಯಾಗಿ ಎಳೆದುಕೊಳ್ಳುತ್ತದೆ, ಅಲ್ಲಿ ಹೊಸ ಮೂಳೆ ಕಟ್ಟುತ್ತದೆ. ಹೀಗೆ ಹಲ್ಲು ತನ್ನ ಗುಳಿಯ ಸಮೇತ ಜರುಗುತ್ತದೆ. ನನಗೆ ಇದು ಇವತ್ತಿಗೂ ಅಚ್ಚರಿ ಅನಿಸುತ್ತದೆ. ತಂತಿ ಬರೀ ಒತ್ತುತ್ತದೆ, ಹಲ್ಲು ಸರಿಸುವುದು ನಮ್ಮದೇ ಮೂಳೆ.

ತೊಂದರೆ ಬರುವುದು ಒತ್ತಡ ಜಾಸ್ತಿಯಾದಾಗ. ಅದುಮಿಕೊಂಡ ಕಡೆ ರಕ್ತ ಹರಿಯುವುದು ನಿಂತರೆ ಅಲ್ಲಿನ ಕೋಶಗಳು ಸಾಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಆ ಜಾಗ ಗಾಜಿನಂತೆ ನುಣ್ಣಗೆ, ಕೋಶಗಳೇ ಇಲ್ಲದೆ ಕಾಣುತ್ತದೆ. ಸ್ವೀಡನ್ನಿನ ಕಾರ್ಲ್ ಸಾಂಡ್‌ಸ್ಟೆಡ್ ಅನ್ನುವವರು ನಾಯಿಗಳ ಹಲ್ಲು ಸರಿಸಿ, ಇದನ್ನು 1904ರ ಹೊತ್ತಿಗೇ ಗುರುತಿಸಿದ್ದರು. ಈ ಸತ್ತ ಜಾಗವನ್ನು ತೆಗೆದುಹಾಕದೆ ಹಲ್ಲು ಮುಂದೆ ಹೋಗುವುದಿಲ್ಲ. ಹಾಗಾಗಿ ದೇಹ ಅದನ್ನು ಗುಡಿಸಿ ತೆಗೆಯಲು ಕೋಶಗಳನ್ನು ಕಳಿಸುತ್ತದೆ. ಬೇರಿನ ಕರಗುವಿಕೆ ಶುರುವಾಗುವುದು ಈ ಗುಡಿಸುವ ಕೆಲಸದ ಜೊತೆಯಲ್ಲೇ, ಸತ್ತ ಜಾಗದ ಅಂಚಿನಲ್ಲೇ. ಇದನ್ನು ನಾರ್ವೆಯ ಬ್ರುಡ್ವಿಕ್ ಮತ್ತು ರೂಗ್ 1990ರ ದಶಕದಲ್ಲಿ ಪದರ ಪದರವಾಗಿ ತೋರಿಸಿಕೊಟ್ಟರು. ಬೇರಿನ ಹೊರಮೈಯಲ್ಲಿ ಸಿಮೆಂಟಮ್ ಅನ್ನುವ ತೆಳು ಹೊದಿಕೆ ಇದೆ. ಅದರ ತೀರಾ ಮೇಲಿನ ಪದರ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಅದೇ ಬೇರಿನ ಕಾವಲು. ಗಟ್ಟಿಯಾಗದ ಪದರವನ್ನು ಈ ಕರಗಿಸುವ ಕೋಶಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಸತ್ತ ಜಾಗವನ್ನು ಗುಡಿಸುವಾಗ ಈ ಕಾವಲೂ ಕಿತ್ತುಹೋಗುತ್ತದೆ. ಆಮೇಲೆ ಒಳಗಿನ ಗಟ್ಟಿ ಭಾಗಕ್ಕೆ ದಾರಿ ಸಿಕ್ಕಂತೆ.

ಅಷ್ಟಾದರೂ ದೇಹ ಸುಮ್ಮನಿರುವುದಿಲ್ಲ. ಒತ್ತಡ ಇಳಿದ ಕೂಡಲೇ ರಿಪೇರಿಗೆ ಇಳಿಯುತ್ತದೆ. ಕೆಲವು ವಾರಗಳಲ್ಲಿ ಬೇರಿನ ಪಕ್ಕದ ಗುಳಿಗಳನ್ನು ಹೊಸ ಸಿಮೆಂಟಮ್ ತುಂಬತೊಡಗುತ್ತದೆ. ಪಕ್ಕದಲ್ಲಿ ಬಿದ್ದ ಗುಳಿ ಹೀಗೆ ತುಂಬಿಕೊಂಡರೆ ಎಕ್ಸ್‌ರೇಯಲ್ಲಿ ಗುರುತೂ ಸಿಗದಿರಬಹುದು. ಆದರೆ ಬೇರಿನ ತುದಿಯೇ ಕಡಿದುಹೋದರೆ ಅದು ಮತ್ತೆ ಉದ್ದ ಬೆಳೆಯುವುದಿಲ್ಲ. ಮೊಂಡು ತುದಿ ನುಣುಪಾಗುತ್ತದೆ, ಅಷ್ಟೆ. ಒತ್ತಡ ಹೆಚ್ಚಾಗಿ ಬೀಳುವುದು ತುದಿಯ ಮೇಲೇ ಆದ್ದರಿಂದ ಹೋಗುವುದೂ ತುದಿಯೇ. ಮೇಲಿನ ನಾಲ್ಕು ಬಾಚಿಹಲ್ಲುಗಳಿಗೆ ಇದು ಎಲ್ಲಕ್ಕಿಂತ ಜಾಸ್ತಿ. ಅವುಗಳಿಗೆ ಇರುವುದು ಒಂದೊಂದೇ ಬೇರು, ಅದೂ ತುದಿಗೆ ಹೋಗುತ್ತಾ ಸಣ್ಣಗಾಗುವಂಥದ್ದು. ಚಿಕಿತ್ಸೆಯಲ್ಲಿ ಹೆಚ್ಚು ದೂರ ಸರಿಯುವುದೂ ಅವೇ.

ಇದು ಹೊಸ ಸಂಗತಿಯೂ ಅಲ್ಲ. 1914ರಲ್ಲೇ ನ್ಯೂಯಾರ್ಕಿನ ರೊಡ್ರಿಗ್ಸ್ ಒಟೊಲೆಂಗಿ ಬೇರು ಕರಗುವುದನ್ನು ಹಲ್ಲು ಸರಿಸುವ ಚಿಕಿತ್ಸೆಗೆ ನೇರವಾಗಿ ಜೋಡಿಸಿ ಬರೆದಿದ್ದರು. ದಂತವೈದ್ಯರಾಗಿದ್ದ ಅವರು ಪತ್ತೇದಾರಿ ಕಥೆಗಳನ್ನೂ ಬರೆಯುತ್ತಿದ್ದರು. ಕೊಲೊರಾಡೋದ ಡೆನ್ವರ್‌ನಲ್ಲಿದ್ದ ಆಲ್ಬರ್ಟ್ ಕೆಚಮ್ 1927 ಮತ್ತು 1929ರಲ್ಲಿ ನೂರಾರು ರೋಗಿಗಳ ಎಕ್ಸ್‌ರೇ ಹಿಡಿದು ಇದನ್ನು ಎಲ್ಲರ ಮುಂದಿಟ್ಟರು. ತಮ್ಮದೇ ಕಸುಬಿನಿಂದ ಆಗುವ ಹಾನಿಯನ್ನು ಕಸುಬಿನವರೇ ಹೀಗೆ ಮುಂದಿಡುವುದು ಸಣ್ಣ ಮಾತಲ್ಲ. ಕೆಚಮ್ ಅವರ ಹೆಸರಿನಲ್ಲಿ ಅಮೆರಿಕದ ಆರ್ಥೊಡಾಂಟಿಸ್ಟ್‌ಗಳು, ಅಂದರೆ ಹಲ್ಲು ಸರಿಸುವ ತಜ್ಞರು, ಇಂದಿಗೂ ಪ್ರಶಸ್ತಿ ಕೊಡುತ್ತಾರೆ. ಅಂದರೆ ನೂರು ವರ್ಷದಿಂದ ಗೊತ್ತಿರುವ ವಿಷಯ ಇದು. ಇಷ್ಟು ಹಳೆಯ ವಿಷಯ ಕ್ಲಿಪ್ ಹಾಕಿಸಿಕೊಳ್ಳುವವರ ಕಿವಿಗೆ ಮಾತ್ರ ಯಾಕೆ ಬೀಳುವುದಿಲ್ಲ ಅನ್ನುವುದೇ ನನ್ನ ಕೊರಗು. ನಾನು ಸಹಿ ಹಾಕಿದ ಕಾಗದದಲ್ಲಿ ಇದರ ಬಗ್ಗೆ ಒಂದು ಸಾಲು ಇತ್ತು, ಇಂಗ್ಲಿಷಿನಲ್ಲಿ, ಇನ್ನೂ ಹತ್ತಾರು ಸಾಲುಗಳ ಮಧ್ಯೆ. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಹುಳುಕಾದೀತು, ಸರಿಯಾಗಿ ಬ್ರಷ್ ಮಾಡಿ ಅಂದರು. ಹಲ್ಲಿಗೆ ಅಂಟಿಸಿದ ಬ್ರ್ಯಾಕೆಟ್ ಬಾರಿ ಬಾರಿ ಕಿತ್ತುಕೊಂಡರೆ ಎಕ್ಸ್‌ಟ್ರಾ ದುಡ್ಡು ಅಂದರು. ಬೇರಿನ ಮಾತು ಬರಲೇ ಇಲ್ಲ.

ಒತ್ತಡ ಎಷ್ಟಿರಬೇಕು? ವಿಯೆನ್ನಾದ ಶ್ವಾರ್ಟ್ಸ್ 1932ರಲ್ಲೇ ಒಂದು ಲೆಕ್ಕ ಕೊಟ್ಟಿದ್ದರು. ಸಣ್ಣ ರಕ್ತನಾಳಗಳು ಮುಚ್ಚಿಹೋಗದ ಹಾಗೆ, ಬೇರಿನ ಒಂದು ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ. ಇಷ್ಟು ಸಲೀಸಾದ ಲೆಕ್ಕ ಬಾಯೊಳಗೆ ನಡೆಯುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೆ ದಿಕ್ಕು ಸರಿಯಿತ್ತು. ಸಿಡ್ನಿಯಲ್ಲಿ ಒಂದು ಒಳ್ಳೆಯ ಪ್ರಯೋಗ ನಡೆದಿದೆ. ಹೇಗೂ ಕೀಳಲೇಬೇಕಾಗಿದ್ದ ಹಲ್ಲುಗಳನ್ನು ಕೀಳುವ ಮೊದಲು ಅವುಗಳ ಮೇಲೆ 28 ದಿನ ಒತ್ತಡ ಹಾಕಿದರು. ಕೆಲವಕ್ಕೆ 25 ಗ್ರಾಂ, ಕೆಲವಕ್ಕೆ 225 ಗ್ರಾಂ. ಆಮೇಲೆ ಕಿತ್ತು, ಬೇರಿನ ಮೇಲೆ ಬಿದ್ದ ಗುಳಿಗಳ ಗಾತ್ರವನ್ನು ಅಳೆದರು. ಹೆಚ್ಚು ಒತ್ತಡದ ಹಲ್ಲುಗಳಲ್ಲಿ ಗುಳಿಗಳು ಕಡಿಮೆ ಒತ್ತಡದವಕ್ಕಿಂತ ಮೂರು ಪಟ್ಟಿಗೂ ಮೀರಿ ದೊಡ್ಡವಾಗಿದ್ದವು. ನನ್ನನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. 25 ಗ್ರಾಂ ಹಾಕಿದ ಹಲ್ಲಲ್ಲೂ, ಏನೂ ಹಾಕದೆ ಬಿಟ್ಟ ಹಲ್ಲಿಗಿಂತ ಗುಳಿ ಜಾಸ್ತಿ ಇತ್ತು. ಪೂರ್ತಿ ಅಪಾಯವಿಲ್ಲದ ಒತ್ತಡ ಅನ್ನುವುದು ಇಲ್ಲ. ಒತ್ತಡ ಇಲ್ಲದೆ ಹಲ್ಲು ಸರಿಯುವುದೂ ಇಲ್ಲ.

ಯಾವ ಕಡೆಗೆ ಸರಿಸುತ್ತಾರೆ ಅನ್ನುವುದೂ ಮುಖ್ಯ. ಹಲ್ಲನ್ನು ಮೂಳೆಯ ಒಳಕ್ಕೆ ತಳ್ಳುವಾಗ ಇಡೀ ಒತ್ತಡ ತುದಿಗೇ ಬೀಳುತ್ತದೆ. ಅದಕ್ಕೇ ಆ ಕೆಲಸಕ್ಕೆ 10ರಿಂದ 20 ಗ್ರಾಂ ಸಾಕು ಅಂತ ಪಠ್ಯಪುಸ್ತಕಗಳು ಹೇಳುತ್ತವೆ. ಚಾಚಿದ ಹಲ್ಲನ್ನು ಒಳಗೆ ತಂದ ಮೇಲೆ ಅದರ ಬೇರನ್ನು ಹಿಂದಕ್ಕೆ ತಿರುಗಿಸುವುದೂ ತುದಿಗೆ ಕಷ್ಟವೇ. ಹಲ್ಲು ಕೀಳಿಸಿ, ಆ ಜಾಗಕ್ಕೆ ಮುಂದಿನ ಹಲ್ಲುಗಳನ್ನು ದೂರ ಎಳೆಯುವ ಚಿಕಿತ್ಸೆಯಲ್ಲಿ ಅಪಾಯ ಹೆಚ್ಚು. ಚಿಕಿತ್ಸೆ ಎಳೆದಷ್ಟೂ ಹೆಚ್ಚು. ನನ್ನದು ಇವೆಲ್ಲ ಸೇರಿದ್ದ ಕೇಸು.

ಹಾಗಂತ ಎಲ್ಲವನ್ನೂ ತಂತಿಯ ಮೇಲೆ, ಡಾಕ್ಟರ ಮೇಲೆ ಹಾಕುವುದು ತಪ್ಪಾಗುತ್ತದೆ. ಒಂದೇ ತಂತಿ, ಒಂದೇ ಕೈ, ಒಂದೇ ಅವಧಿ. ಆದರೂ ಒಬ್ಬರ ಬೇರು ಹಾಗೇ ಇರುತ್ತದೆ, ಇನ್ನೊಬ್ಬರದ್ದು ಮೋಟಾಗುತ್ತದೆ. ಒಡಹುಟ್ಟಿದವರ ಎಕ್ಸ್‌ರೇಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಇದು ಮನೆತನದಲ್ಲೇ ಬರುವ ಲಕ್ಷಣ ಚೆನ್ನಾಗಿ ಕಂಡಿದೆ. ಯಾವ ಜೀನ್ ಅನ್ನುವ ಬಗ್ಗೆ ಸಂಶೋಧಕರಲ್ಲೇ ಇನ್ನೂ ಒಮ್ಮತ ಇಲ್ಲ. ಬೇರಿನ ಆಕಾರದಿಂದಲೂ ಸ್ವಲ್ಪ ಗೊತ್ತಾಗುತ್ತದೆ. ತುದಿ ಚೂಪಾಗಿದ್ದರೆ, ಬಾಗಿದ್ದರೆ, ಮೊದಲಿಂದಲೇ ಬೇರು ಗಿಡ್ಡವಿದ್ದರೆ ಹುಷಾರಾಗಿರಬೇಕು. ಹಿಂದೆ ಆ ಹಲ್ಲಿಗೆ ಜೋರು ಪೆಟ್ಟು ಬಿದ್ದಿದ್ದರೆ ಇನ್ನೂ ಹುಷಾರು. ನನ್ನ ಹಳೆಯ ಎಕ್ಸ್‌ರೇಯಲ್ಲಿ ತುದಿ ಬಾಗಿದ್ದದ್ದು ಕಾಣುತ್ತಿತ್ತಲ್ಲ. ಹೊಸ ಡಾಕ್ಟರ್ ಅದರ ಮೇಲೆ ಬೆರಳಿಟ್ಟು ತೋರಿಸಿದರು, ಯಾರನ್ನೂ ಬೈಯಲಿಲ್ಲ.

ಆಮೇಲೆ ಅವರು ಹೇಳಿದ್ದು ನನಗೆ ಮೊದಲು ಅರ್ಥವೇ ಆಗಲಿಲ್ಲ. "ಎರಡ್ಮೂರು ತಿಂಗಳು ಏನೂ ಮಾಡೋದು ಬೇಡ. ಎಳೆಯದೇ ಇರೋ ವೈರ್ ಹಾಕಿಡ್ತೀನಿ. ರಬ್ಬರ್ ಬ್ಯಾಂಡ್ ಬಿಟ್ಬಿಡಿ. ಆಮೇಲೆ ಇನ್ನೊಂದು ಎಕ್ಸ್‌ರೇ ತೆಗೆದು ನೋಡೋಣ."

ಬಾಯಲ್ಲಿ ಕ್ಲಿಪ್ ಇಟ್ಟುಕೊಂಡು ಏನೂ ಮಾಡದೆ ಕೂರುವುದು ಅಂದರೆ ಯಾರಿಗಾದರೂ ಕಸಿವಿಸಿ ಆಗುತ್ತದೆ. ಚಿಕಿತ್ಸೆ ಅಂದರೆ ತಿಂಗಳಿಗೊಮ್ಮೆ ಹೋಗಬೇಕು, ಟೈಟ್ ಮಾಡಿಸಿಕೊಳ್ಳಬೇಕು, ಎರಡು ದಿನ ಗಂಜಿ ಕುಡಿಯಬೇಕು ಅಂತ ನಾವು ಲೆಕ್ಕ ಹಾಕಿಟ್ಟಿರುತ್ತೇವೆ. ಅಮ್ಮನಿಗೆ ಫೋನ್ ಮಾಡಿದೆ. "ಏನೇ ಇದು, ಬೇರು ಹೋದ್ಮೇಲೆ ಹಲ್ಲು ನಿಲ್ಲುತ್ತೇನೆ? ಸುಮ್ನೆ ತೆಗೆಸಿಬಿಡು ಅದನ್ನೆಲ್ಲ" ಅಂದಳು. ಅಪ್ಪ ಹಿಂದಿನಿಂದ, "ಇನ್ನೊಬ್ಬ ಡಾಕ್ಟ್ರನ್ನ ಕೇಳು, ಇವರು ದಿನ ದೂಡ್ತಿದಾರೆ" ಅಂದರು. ಅವರಿಬ್ಬರ ಮಾತೂ ನಮ್ಮಲ್ಲಿ ಎಲ್ಲ ಮನೆಯಲ್ಲೂ ಬರುವಂಥದ್ದೇ. ನಿಲ್ಲಿಸುವುದನ್ನು ಚಿಕಿತ್ಸೆ ಅಂತ ಒಪ್ಪಲು ಯಾರಿಗೂ ಮನಸ್ಸು ಬರುವುದಿಲ್ಲ.

ಆದರೆ ಈ ನಿಲುಗಡೆಗೆ ಒಳ್ಳೆಯ ಆಧಾರ ಇದೆ. ಸ್ವೀಡನ್ನಿನ ಲೆವಾಂಡರ್, ಮಾಲ್ಮ್‌ಗ್ರೆನ್ ಮತ್ತು ಎಲಿಯಾಸನ್ 1994ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಚಿಕಿತ್ಸೆ ಶುರುವಾಗಿ ಆರು ತಿಂಗಳಿಗೆ ಬೇರು ಕರಗಿದ್ದು ಕಂಡ 40 ಜನರನ್ನು ಅವರು ತೆಗೆದುಕೊಂಡರು. ಕೆಲವರಿಗೆ ಚಿಕಿತ್ಸೆ ಹಾಗೇ ಮುಂದುವರಿಸಿದರು. ಇನ್ನು ಕೆಲವರಿಗೆ ಎರಡು ಮೂರು ತಿಂಗಳು ಬಿಡುವು ಕೊಟ್ಟು ಆಮೇಲೆ ಶುರು ಮಾಡಿದರು. ಮುಗಿದ ಮೇಲೆ ನೋಡಿದರೆ, ಮುಂದುವರಿಸಿದವರಲ್ಲಿ ಸರಾಸರಿ ಇನ್ನೂ 1.5 ಮಿ.ಮೀ. ಹೋಗಿತ್ತು. ಬಿಡುವು ಕೊಟ್ಟವರಲ್ಲಿ 0.4 ಮಿ.ಮೀ. ಮಾತ್ರ. ಕಾರಣ ಮೇಲೆ ಹೇಳಿದ್ದೇ. ಒತ್ತಡ ಇಳಿದಾಗ ಕರಗಿಸುವ ಕೋಶಗಳು ಜಾಗ ಖಾಲಿ ಮಾಡುತ್ತವೆ, ಕಟ್ಟುವ ಕೋಶಗಳು ಬಂದು ಕಾವಲು ಪದರವನ್ನು ಮತ್ತೆ ಹೊದಿಸುತ್ತವೆ. ಅದಕ್ಕೆ ಸಮಯ ಬೇಕು. ಬೇರೆ ಯಾವ ಔಷಧವೂ ಇದಕ್ಕಿಲ್ಲ. ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಹೋದ ತುದಿ ಬರುವುದಿಲ್ಲ. ಹಾಲು ಕುಡಿ, ರಾಗಿ ತಿನ್ನು ಅನ್ನುವವರು ಪ್ರೀತಿಯಿಂದಲೇ ಹೇಳುತ್ತಾರೆ. ರಾಗಿ ಒಳ್ಳೆಯದೇ, ಬೇರಿಗೂ ಅದಕ್ಕೂ ಸಂಬಂಧ ಇಲ್ಲ.

ನಿಂತು ನೋಡುವ ಈ ತಾಳ್ಮೆ ಎರಡೂ ಕಡೆ ಬೇಕು. ನಮ್ಮ ಊರುಗಳಲ್ಲಿ ಬಹಳ ಕಡೆ ಕ್ಲಿನಿಕ್ ಒಬ್ಬರದ್ದು, ಕ್ಲಿಪ್ ಹಾಕುವ ಆರ್ಥೊಡಾಂಟಿಸ್ಟ್ ಇನ್ನೊಬ್ಬರು. ಅವರು ವಾರಕ್ಕೋ ತಿಂಗಳಿಗೋ ಒಂದು ದಿನ ಬಂದು, ಸಾಲಾಗಿ ಕೂತವರನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ನೋಡಿ ಹೋಗುತ್ತಾರೆ. ಒಬ್ಬೊಬ್ಬರಿಗೆ ಐದು ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಅಂಥ ಕಡೆ ಮಧ್ಯದ ಎಕ್ಸ್‌ರೇ ಯಾರ ಜವಾಬ್ದಾರಿ ಅನ್ನುವುದೇ ಸ್ಪಷ್ಟ ಇರುವುದಿಲ್ಲ. ಕ್ಲಿನಿಕ್‌ನವರು ಬಂದುಹೋಗುವ ಡಾಕ್ಟರ್ ಹೇಳಲಿ ಅಂತ ಸುಮ್ಮನಿರುತ್ತಾರೆ. ಬಂದುಹೋಗುವ ಡಾಕ್ಟರಿಗೆ ಹಳೆಯ ಫೈಲ್ ತೆಗೆದು ನೋಡಲು ಪುರುಸೊತ್ತಿರುವುದಿಲ್ಲ. ಅದಕ್ಕೆ ನಾನು ಕೇಳಿದವರಿಗೆಲ್ಲ ಹೇಳುವುದು, ಆ ಎಕ್ಸ್‌ರೇಯನ್ನು ನೀವೇ ನೆನಪಿಟ್ಟುಕೊಂಡು ಕೇಳಿ. ಶುರುವಾಗಿ ಆರರಿಂದ ಒಂಬತ್ತು ತಿಂಗಳಿಗೆ, ಮುಂದಿನ ಹಲ್ಲುಗಳಿಗೆ. ಆ ಹೊತ್ತಿಗೆ ಕರಗದಿದ್ದ ಬೇರು ಆಮೇಲೆ ವಿಪರೀತ ಕರಗುವುದು ಕಡಿಮೆ. ಆ ಹೊತ್ತಿಗೇ ಕರಗತೊಡಗಿದ್ದರೆ ಮುಂದೆ ಜಾಸ್ತಿಯಾಗುವ ಸಂಭವ ಹೆಚ್ಚು. ಒಂದೇ ಚಿತ್ರದಿಂದ ಇಷ್ಟು ಸುಳಿವು ಸಿಗುತ್ತದೆ.

ಇಲ್ಲಿ ಇನ್ನೊಂದು ವಿಷಯ. ಇಡೀ ದವಡೆ ಒಂದೇ ಚಿತ್ರದಲ್ಲಿ ಬರುವ ದೊಡ್ಡ ಎಕ್ಸ್‌ರೇ, ಅಂದರೆ ಓಪಿಜಿ, ಇದಕ್ಕೆ ಅಷ್ಟು ಒಳ್ಳೆಯದಲ್ಲ. ಅದರಲ್ಲಿ ಮುಂದಿನ ಹಲ್ಲುಗಳು ಮಸುಕಾಗಿ ಬರುತ್ತವೆ. ಹಲ್ಲು ಓರೆಯಾಗಿದ್ದರೆ ಬೇರು ಇರುವುದಕ್ಕಿಂತ ಗಿಡ್ಡವಾಗಿ ಕಾಣಬಹುದು. ಓಪಿಜಿ ನೋಡಿ ಗಾಬರಿಯಾಗಿ, ಸಣ್ಣ ಎಕ್ಸ್‌ರೇ ತೆಗೆಸಿದಾಗ ಅಷ್ಟೇನಿಲ್ಲ ಅಂತ ಗೊತ್ತಾಗುವುದುಂಟು. ಹಲ್ಲಿನ ಪಕ್ಕದಲ್ಲಿಟ್ಟು ತೆಗೆಯುವ ಸಣ್ಣ ಚಿತ್ರವೇ ಇದಕ್ಕೆ ಸರಿ. ವಿಕಿರಣಕ್ಕೆ ಹೆದರುವವರಿಗೆ ಹೇಳುವುದಾದರೆ, ಅಂಥ ಒಂದು ಸಣ್ಣ ಡಿಜಿಟಲ್ ಚಿತ್ರದಿಂದ ಸಿಗುವುದು ಹೆಚ್ಚೂಕಡಿಮೆ ನಾವು ಒಂದು ದಿನದಲ್ಲಿ ನೆಲದಿಂದ, ಆಕಾಶದಿಂದ ಸುಮ್ಮನೆ ಪಡೆಯುವಷ್ಟೇ. ಸಿಬಿಸಿಟಿ ಅನ್ನುವ ಮೂರು ಆಯಾಮದ ಸ್ಕ್ಯಾನ್ ಇನ್ನೂ ನಿಖರ, ಆದರೆ ಅದರಲ್ಲಿ ವಿಕಿರಣ ಜಾಸ್ತಿ. ಎಲ್ಲರಿಗೂ ಅದು ಬೇಕಿಲ್ಲ.

ಮೋಟು ಬೇರಿನ ಹಲ್ಲು ಎಷ್ಟು ಕಾಲ ಬರುತ್ತದೆ? ಅಮ್ಮ ಕೇಳಿದ ಪ್ರಶ್ನೆ, ನನ್ನ ನಿದ್ದೆಗೆಡಿಸಿದ್ದೂ ಅದೇ. ಉತ್ತರ ನಾನು ಹೆದರಿದ್ದಕ್ಕಿಂತ ಬಹಳ ಚೆನ್ನಾಗಿದೆ. ಬೇರಿನ ತುದಿ ಸಣ್ಣ. ಹಲ್ಲನ್ನು ಹಿಡಿದಿರುವ ನಾರುಗಳ ಬಹುಪಾಲು ಇರುವುದು ವಸಡಿನ ಹತ್ತಿರದ ದಪ್ಪ ಭಾಗದಲ್ಲಿ. 1986ರಲ್ಲಿ ಕಾಲ್ಕ್‌ವಾರ್ಫ್ ಮತ್ತು ಜೊತೆಗಾರರು ಇದನ್ನು ಲೆಕ್ಕ ಹಾಕಿದ್ದರು. ಬಾಚಿಹಲ್ಲಿನ ಬೇರಿನಲ್ಲಿ 4 ಮಿ.ಮೀ. ಹೋದರೂ ಹೋಗುವ ಹಿಡಿತ ಸುಮಾರು ಶೇಕಡಾ 20. ತುದಿಯಲ್ಲಿ 3 ಮಿ.ಮೀ. ಹೋಗುವುದೂ, ವಸಡಿನ ಕಡೆ 1 ಮಿ.ಮೀ. ಮೂಳೆ ಹೋಗುವುದೂ ಹೆಚ್ಚೂಕಡಿಮೆ ಒಂದೇ. ಈ ಎರಡನೆಯ ಮಾತು ನನ್ನ ದಿನಚರಿಯನ್ನೇ ಬದಲಿಸಿತು. ಮೋಟು ಬೇರು ಇರುವವರಿಗೆ ನಿಜವಾದ ಅಪಾಯ ವಸಡಿನ ಕಾಯಿಲೆ. ತುದಿ ಹೋಗಿದೆ, ವಸಡಿನ ಕಡೆಯ ಮೂಳೆಯೂ ಹೋದರೆ ಉಳಿಯುವುದೇನು? ರಾತ್ರಿ ಬ್ರಷ್ ಮಾಡುವುದು, ಹಲ್ಲಿನ ಸಂದಿಗೆ ಸಣ್ಣ ಬ್ರಷ್ ಹಾಕುವುದು, ಆರು ತಿಂಗಳಿಗೊಮ್ಮೆ ಕ್ಲೀನಿಂಗ್, ಇವನ್ನು ನಾನು ಯಾವ ಕಾರಣಕ್ಕೂ ತಪ್ಪಿಸುವುದಿಲ್ಲ.

ದೀರ್ಘ ಕಾಲ ಹಿಂಬಾಲಿಸಿ ನೋಡಿದವರೂ ಇದ್ದಾರೆ. 1989ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಚಿಕಿತ್ಸೆಯ ಹೊತ್ತಿಗೆ ಬೇರು ಕರಗಿದ್ದ 100 ಜನರನ್ನು ಸರಾಸರಿ 14 ವರ್ಷದ ನಂತರ ಮತ್ತೆ ಕರೆದು ನೋಡಿದರು. ಕ್ಲಿಪ್ ತೆಗೆದ ಮೇಲೆ ಕರಗುವುದು ಮುಂದುವರಿದಿರಲಿಲ್ಲ. ವಿಪರೀತ ಅಲುಗಾಟ ಕಂಡದ್ದು ಎರಡೇ ಕೇಸುಗಳಲ್ಲಿ. ಬೇರು 9 ಮಿ.ಮೀ.ಗಿಂತ ಗಿಡ್ಡವಾದರೆ ಹಲ್ಲು ಅಲುಗಾಡುವ ಸಂಭವ ಹೆಚ್ಚುತ್ತದೆ ಅಂತ ಬಿಡುವಿನ ಅಧ್ಯಯನ ಮಾಡಿದ ಸ್ವೀಡನ್ನಿನ ತಂಡವೇ ಆಮೇಲೆ ತೋರಿಸಿತು. ಡಾಕ್ಟರ್ ನನ್ನ ಹಲ್ಲಿನ ಮೇಲೆ ಗೆರೆ ಎಳೆದು ಅಳೆದದ್ದು ಅದಕ್ಕೇ. 10 ಇರುವಾಗ ನಿಲ್ಲಿಸುವುದಕ್ಕೂ 8ಕ್ಕೆ ಹೋದ ಮೇಲೆ ನಿಲ್ಲಿಸುವುದಕ್ಕೂ ಬಹಳ ವ್ಯತ್ಯಾಸ ಇದೆ.

ನಮ್ಮ ಬಿಡುವು ಮುಗಿದ ಮೇಲೆ ತೆಗೆದ ಎಕ್ಸ್‌ರೇಯಲ್ಲಿ ಬೇರಿನ ಅಂಚು ನುಣುಪಾಗಿ, ಸ್ಪಷ್ಟವಾಗಿ ಕಂಡಿತು. ಬೇರಿನ ಸುತ್ತಲಿನ ಮೂಳೆಯ ಬಿಳಿ ಗೆರೆ ಮತ್ತೆ ಮೂಡಿತ್ತು. ಆಮೇಲೆ ಡಾಕ್ಟರ್ ಚಿಕಿತ್ಸೆಯ ಗುರಿಯನ್ನೇ ಸಣ್ಣದು ಮಾಡಿದರು. ಹಲ್ಲು ಇನ್ನೂ ಸ್ವಲ್ಪ ಒಳಗೆ ಹೋಗಬಹುದಿತ್ತು, ಬೇರುಗಳನ್ನು ಇನ್ನೂ ಸ್ವಲ್ಪ ತಿರುಗಿಸಬಹುದಿತ್ತು. ಅದನ್ನು ಬಿಟ್ಟು, ಉಳಿದ ಜಾಗವನ್ನು ಹಗುರ ಒತ್ತಡದಲ್ಲಿ ಮುಚ್ಚಿ ಮುಗಿಸಿದರು. ನನ್ನ ಮೇಲಿನ ಹಲ್ಲು ಈಗಲೂ ಕೆಳಗಿನದಕ್ಕಿಂತ ಒಂಚೂರು ಮುಂದಿದೆ. ಫೋಟೊದಲ್ಲಿ ಯಾರಿಗೂ ಕಾಣುವುದಿಲ್ಲ. ಹಲ್ಲಿನ ಹಿಂದೆ ಅಂಟಿಸಿದ ಸಣ್ಣ ತಂತಿಯೊಂದು ಎರಡೂ ಕಡೆಯ ಮೂರು ಮೂರು ಹಲ್ಲನ್ನು ಜೊತೆಗೆ ಹಿಡಿದುಕೊಂಡಿದೆ. ಅದನ್ನು ಡಾಕ್ಟರ್ ತೆಗೆಯುವುದಿಲ್ಲ. ಜೋಳದ ತೆನೆಯನ್ನು, ಕಬ್ಬನ್ನು ಮುಂದಿನ ಹಲ್ಲಿಂದ ಕಚ್ಚಬೇಡಿ ಅಂದಿದ್ದಾರೆ. ಕಬ್ಬು ಬಿಟ್ಟದ್ದು ನಿಜಕ್ಕೂ ಬೇಜಾರು.

ಕ್ಲಿಪ್ ಹಾಕಿಸಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಚಾಚಿದ ಹಲ್ಲು ಬಿದ್ದಾಗ ಮುರಿಯುವುದು ಜಾಸ್ತಿ, ಒತ್ತೊತ್ತಾದ ಹಲ್ಲನ್ನು ಸ್ವಚ್ಛ ಮಾಡುವುದು ಕಷ್ಟ, ಬಾಯಿ ಮುಚ್ಚಿಕೊಂಡು ನಗುವ ಹುಡುಗಿಯರ ಕಷ್ಟ ನನಗೆ ಚೆನ್ನಾಗಿ ಗೊತ್ತು. ಸರಾಸರಿ ಲೆಕ್ಕದಲ್ಲಿ ಹೋಗುವ ಬೇರು ಒಂದೂವರೆ ಮಿಲಿಮೀಟರಿನ ಆಸುಪಾಸು, ಅಷ್ಟಕ್ಕೆ ಹಲ್ಲಿಗೇನೂ ಆಗುವುದಿಲ್ಲ. ಬೇರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಳ್ಳುವವರು ನೂರಕ್ಕೆ ಒಬ್ಬರಿಂದ ಐದು ಜನ. ಆ ಐದು ಜನರಲ್ಲಿ ನಾವಿದ್ದೇವಾ ಅಂತ ಮೊದಲೇ ಹೇಳಲು ಆಗುವುದಿಲ್ಲ. ಮಧ್ಯದಲ್ಲಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಆರು ತಿಂಗಳಲ್ಲಿ ಹಲ್ಲು ನೇರ ಅನ್ನುವ ಜಾಹೀರಾತು ನೋಡಿದಾಗ ನನಗೆ ಆತಂಕವಾಗುವುದು ಅದಕ್ಕೇ. ನಿಂತು ನೋಡಲು ಅಲ್ಲಿ ಜಾಗ ಎಲ್ಲಿದೆ?

ಈಗ ಅಕ್ಕನ ಮಗನ ಸರದಿ. ಏಳನೇ ಕ್ಲಾಸು. ನನ್ನದೇ ಹಲ್ಲು, ನನ್ನದೇ ಚಾಚು. ಅಕ್ಕ ಫೋನ್ ಮಾಡಿ, "ನಿಂಗಾದ ಹಾಗೇ ಇವನಿಗೂ ಆದ್ರೆ?" ಅಂದಳು. ಸಂಬಂಧ ಹತ್ತಿರದ್ದೇ ಆದ್ದರಿಂದ ಪ್ರಶ್ನೆ ಸುಳ್ಳಲ್ಲ. ಒಂದು ದಂತ ಕಾಲೇಜಿನಲ್ಲಿ ಕ್ಲಿಪ್ ಹಾಕುವ ಆರ್ಥೊ ವಿಭಾಗಕ್ಕೆ ಕರೆದುಕೊಂಡು ಹೋಗಲು ಹೇಳಿದೆ. ಅಲ್ಲಿ ಕಾಯುವುದು ಜಾಸ್ತಿ, ಖರ್ಚು ಕಡಿಮೆ. ಪಿಜಿ ಓದುವವರು ಪ್ರತಿ ಹಲ್ಲನ್ನೂ ಬರೆದಿಟ್ಟುಕೊಳ್ಳುತ್ತಾರೆ, ಮೇಲೆ ಒಬ್ಬ ಪ್ರೊಫೆಸರ್ ಅದನ್ನು ನೋಡುತ್ತಾರೆ. ಚಿಕ್ಕಮ್ಮನ ಬೇರು ಮೋಟಾಗಿದೆ ಅಂತ ಅವರಿಗೆ ಮರೆಯದೆ ಹೇಳು ಅಂದೆ, ನನ್ನ ಎರಡೂ ಎಕ್ಸ್‌ರೇ ಕಳಿಸಿಕೊಟ್ಟೆ. ಅವನು ಹೋದ ವರ್ಷ ಸೈಕಲ್‌ನಿಂದ ಬಿದ್ದು ಎಡಗಡೆಯ ಬಾಚಿಹಲ್ಲಿಗೆ ಪೆಟ್ಟು ಮಾಡಿಕೊಂಡಿದ್ದು ನನಗೆ ಮರೆತೇಹೋಗಿತ್ತು. ಅಲ್ಲಿ ಅವರೇ ಕೇಳಿ ತಿಳಿದುಕೊಂಡರು. ಆ ಹಲ್ಲಿನ ನರ ಜೀವಂತ ಇದೆಯಾ ಅಂತ ಮೊದಲು ಪರೀಕ್ಷೆ ಮಾಡಿದರು. ಇದೆ. ಹಗುರ ತಂತಿಯಿಂದ ಶುರು ಮಾಡಿ, ಆ ಒಂದು ಹಲ್ಲಿಗೆ ಮಾತ್ರ ಮೂರು ತಿಂಗಳಿಗೇ ಎಕ್ಸ್‌ರೇ, ಉಳಿದವಕ್ಕೆ ಆರು ತಿಂಗಳಿಗೆ ಅಂತ ಕಾರ್ಡಿನ ಮೇಲೆ ಬರೆದುಕೊಟ್ಟಿದ್ದಾರೆ. ಅಕ್ಕ ಆ ಎರಡೂ ತಾರೀಕನ್ನು ಫೋನಿನಲ್ಲಿ ಹಾಕಿಕೊಂಡು, ನನಗೂ ಕಳಿಸಿದ್ದಾಳೆ.